ಹದಿನೈದಾಣೆ ಮನೆ

ಶಹಾಪುರದ ಆ ಮನೆ ನೋಡಿದಾಗ ನಾನಿನ್ನೂ
ಉದ್ಯಮಬಾಗದ ಫೌಂಡ್ರಿಯ ಮರಳನ್ನು
ಕಿವಿಯೊಳಗಿಂದ ಪೂರಾ ತೆಗೆದಿರಲಿಲ್ಲ.
ಇಪ್ಪತ್ತೆರಡು ವರ್ಷ ಅಚ್ಚು ಮಾಡಿದವನು;
ಕಬ್ಬಿಣ ಸುರಿಯುವ ಮೊದಲೇ
ಪೊಳ್ಳು ಎಲ್ಲಿ ಬಿಡಬೇಕೆಂದು ಗೊತ್ತಿದ್ದವನು.
ಸೌದಾಕ್ಕೂ ಹಾಗೇ ಒಂದು ಅಚ್ಚು ಇರುತ್ತದೆಂದವನು
ಸಾಂತಾನ, ಟಯರು ರಿಮೋಲ್ಡಿನವನು, ನನ್ನ ಪಾಲುದಾರ.

ನೂರರ ಬಾಂಡಿನ ಮೇಲೆ ಬರೆದುಕೊಂಡೆವು:
ರೊಕ್ಕ ಅವನದು ಆರು ಪಾಲು, ನನ್ನದು ನಾಲ್ಕು,
ಓಡಾಟ ಪೂರ್ತಿ ನನ್ನದು, ಬಾಡಿಗೆ ಸಮಸಮ.
ಜಗಳ ಬಂದರೆ? ಆ ಕಲಮು ಬಂದಾಗ
ಅವನು ಚಹಾ ಹೇಳಿದ.
ಇವತ್ತಿಗೂ ಆ ಸಾಲು ಖಾಲಿ ಇದೆ.

ನೇಕಾರರ ಮನೆ. ಅಣ್ಣತಮ್ಮ ಇಬ್ಬರ ಹೆಸರಿನ ಉತಾರ.
ತಮ್ಮನ ಕಡೆಯ ಎಂಟಾಣೆ ಒಂದೇ ಸಹಿಗೆ ಬಂತು.
ಅಣ್ಣನ ಎಂಟಾಣೆಗೆ ಮಕ್ಕಳು ಎಂಟು, ತಲೆಗೊಂದಾಣೆ.
ಒಬ್ಬ ಇಚಲಕರಂಜಿಯಿಂದ ಬಂದ, ಒಬ್ಬಳು ನಿಪ್ಪಾಣಿಯಿಂದ,
ಒಬ್ಬ ಸಹಿಗೆ ಮೊದಲು ಎರಡು ಸಲ ರೊಕ್ಕ ಎಣಿಸಿದ,
ಒಬ್ಬ ಎಣಿಸಲೇ ಇಲ್ಲ, ಅತ್ತ.
ಏಳು ಹೆಬ್ಬೆಟ್ಟು, ಏಳು ಫೋಟೋ.
ಎಂಟನೆಯ ಕುರ್ಚಿಯಲ್ಲಿ
ರಜಿಸ್ಟ್ರಾರ್ ಆಫೀಸಿನ ಫ್ಯಾನಿನ ಗಾಳಿ ಕೂತಿತ್ತು.

ವಕೀಲ ಮುತಗೇಕರರು ಅಂದರು: ವಾಟ್ನಿ ದಾವೆ ಹಾಕು,
ಹತ್ತು ವರ್ಷದಲ್ಲಿ ಒಂದಾಣೆ ತಾನೇ ಬರುತ್ತದೆ.
ಹತ್ತು ವರ್ಷಕ್ಕೆ ಸಾಂತಾನ ತಂದ ಸಾಲದ ಬಡ್ಡಿ ಲೆಕ್ಕ ಹಾಕಿ
ನಾನು ರಬಕವಿ ಬಸ್ಸು ಹತ್ತಿದೆ.

ಬನಶಂಕ್ರವ್ವ ಕಂಡಿಕೆ ಸುತ್ತುತ್ತಿದ್ದಳು.
ಬೆಲೆ ಹೇಳಿದೆ. ರಾಟಿ ನಿಲ್ಲಲಿಲ್ಲ.
ಬೆಲೆ ಏರಿಸಿದೆ. ನೂಲು ಹರಿಯಲಿಲ್ಲ.
"ರೊಕ್ಕ ಇರ್ಲಿ. ನನ್ನ ಒಂದಾಣೆ
ಆ ಮನಿಯಾಗ ಎಲ್ಲಿ ಬರ್ತದ, ಅದನ್ನ ಹೇಳು.
ಪಡಸಾಲಿಯಾಗೋ, ಮಗ್ಗದ ಕುಣಿಯಾಗೋ?"

ಪಾಲು ಒಡೆಯುವ ತನಕ ಬೆರಳಿಟ್ಟು ತೋರಿಸಲು ಬರುವುದಿಲ್ಲ ಅಂದೆ.
ಎಲ್ಲಿಯೂ ಇಲ್ಲ; ಹಾಗಂತ ಇಲ್ಲದ ಜಾಗವೂ ಇಲ್ಲ:
ಒಂದೊಂದು ಹೆಂಚಿನಲ್ಲೂ, ಕದದ ಅಗುಳಿಯಲ್ಲೂ,
ಮೋರಿಯ ಕಲ್ಲಿನಲ್ಲೂ ಹದಿನಾರಕ್ಕೊಂದು.
"ಇದು ಚಲೋ ಆತಲ್ಲ," ನಕ್ಕಳು,
"ದೇವರಿಗೆ ಸುದ್ದಾ ಇಷ್ಟ ಹಿಡಿತ ಇಲ್ಲ.
ಇಂಥಾದ್ದನ್ನ ಯಾರಾರ ಮಾರ್ತಾರೇನು?"

ಬರುವಾಗ ಬಸ್ಸಿನಲ್ಲಿ, ಟಿಕೀಟಿನ ಹಿಂದೆ, ಹೊಸ ಅಚ್ಚು ಬರೆದೆ.
ಮುಂದೆ ಎರಡು ಅಂಗಡಿ, ಅಟ್ಟದ ಮೇಲೆ ಮೂರು ಖೋಲಿ,
ಬಾಡಿಗೆ ಹತ್ತೊಂಬತ್ತು ಸಾವಿರದ ಇನ್ನೂರು.
ಅವಳ ಒಂದಾಣೆಗೆ ಸಾವಿರದ ಇನ್ನೂರು, ತಿಂಗಳ ಐದಕ್ಕೆ.
ಭೋಗ್ಯ ಇಲ್ಲ, ವಟಮುಖತ್ಯಾರ ಇಲ್ಲ,
ಬಾಡಿಗೆ ಕರಾರಿನಲ್ಲಿ ಮಾಲೀಕರು ಮೂವರು,
ಮೊದಲ ಹೆಸರು ಅವಳದು.
ಸಾಂತಾನ ಒಂದು ವಾರ ಮಾತು ಬಿಟ್ಟ.

ಮಳೆಗಾಲದ ಮುಂದೆ ಮಾಡು ಇಳಿಯಿತು. ಖರ್ಚು ಮೂವತ್ತೆರಡು ಸಾವಿರ.
ಹಟಕ್ಕೆ ಬಿದ್ದ ಸಾಂತಾನ
ಅವಳ ಪಾಲಿನ ಎರಡು ಸಾವಿರದ ಚೀಟಿ ಕಳಿಸಿದ.
ನಾಲ್ಕನೆಯ ದಿನ ಅವಳೇ ಬಂದಳು,
ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟಳು,
ಆಮೇಲೆ ಏಣಿ ಹತ್ತಿದಳು, ವಯಸ್ಸು ಅರವತ್ತೆಂಟು,
ಗೌಂಡಿಯನ್ನು ಬೈದು
ಎರಡು ಸಾಲು ಹೆಂಚು ತೆಗೆಸಿ ಮತ್ತೆ ಹಾಕಿಸಿದಳು.
ಆ ವರ್ಷ ಸೋರಲಿಲ್ಲ.

ಹೋದ ವಾರ ಟಿಳಕವಾಡಿಯ ಬಿಲ್ಡರ್ ಬಂದಿದ್ದ.
ಟೇಪು ಹಿಡಿದು ಅಳೆದ, ರೇಟು ಒಳ್ಳೆಯದೇ ಹೇಳಿದ,
ಹದಿನಾರಾಣೆ ಕ್ಲಿಯರ್ ಬೇಕು ಅಂದ.
ಹದಿನೈದು ಇಲ್ಲಿವೆ, ಅಂದೆ.
ಉಳಿದದ್ದು?
ಸಾಂತಾನ ನನಗಿಂತ ಮೊದಲು ಬಾಯಿ ತೆರೆದ:
"ಅದು ಎಲ್ಲೈತಿ ಅಂತ ಮೊದಲ ನೀವ ತೋರಿಸ್ರಿ."