ಡ್ರಾ ಆಗದ ಟಿಕೆಟ್ಟು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಬಾಯಲ್ಲಿ
ನಿಂಬೆಹಣ್ಣು ಗುಡ್ಡೆ ಹಾಕುವ ಖಲಂದರ್
ಒಂದು ಕಾಲದಲ್ಲಿ ಮೈಕು ಕಟ್ಟಿದ ಸೈಕಲ್ಲಲ್ಲಿ ಕೂಗುತ್ತಿದ್ದ:
ಇಂದೇ ಡ್ರಾ, ಇಂದೇ ಡ್ರಾ.
ಈಗಲೂ ‘ಇಪ್ಪತ್ತಕ್ಕೆ ಐದು’ ಎನ್ನುವಾಗ
ದನಿ ಅದೇ ಏಣಿ ಹತ್ತುತ್ತದೆ.

ಸ್ಪೇನಿನಲ್ಲಿ ಶಾಲೆ ಮಕ್ಕಳು
ಗೆದ್ದ ನಂಬರು ಹಾಡುತ್ತಾರಂತೆ, ಎಂದೆ.
‘ನಮ್ಮಲ್ಲಿ ಹೆಂಗಸ್ರು ಹಾಡೋರು ಸ್ವಾಮಿ,
ನನ್ನ ಹೆಸ್ರು ಹಿಡಿದು.’

ಶಿರಾಡಿ ಇಳಿದು ಕಾಸರಗೋಡು ಮುಟ್ಟಿದರೆ
ಸರ್ಕಾರವೇ ಅಚ್ಚು ಹಾಕಿ ಮಾರುತ್ತದೆ.
ಅದೇ ಚೀಟಿ ಇಲ್ಲಿ ಮಾರಿದರೆ ಕೇಸು.

ಗಲ್ಲಾಪೆಟ್ಟಿಗೆಯ ತಳದಿಂದ ತೆಗೆದ,
ನಿಷೇಧ ಬಂದ ವಾರದ್ದು,
ಮಡಿಕೆಯಲ್ಲಿ ಬಣ್ಣ ಹೋದದ್ದು.
‘ಇದರ ಡ್ರಾ ಆಗ್ಲೇ ಇಲ್ಲ.
ನನ್ನ ಕೈಗೆ ಬಂದಿದ್ರಲ್ಲಿ
ಸೋಲದೆ ಉಳಿದಿರೋದು ಇದೊಂದೇ’

ಎಂದು ನಿಂಬೆಹಣ್ಣಿಗೆ ನೀರು ಚಿಮುಕಿಸಿದ.