ಅಂಟು

ಮೈದಾ ಕಾಯಿಸುವುದು ನನ್ನ ಬಿಟ್ಟು ಇಲ್ಲಿ ಯಾರಿಗೂ ಬರುವುದಿಲ್ಲ.
ನೀರು ಹೆಚ್ಚಾದರೆ ಕಾಗದ ಜಾರುತ್ತದೆ,
ಕಮ್ಮಿಯಾದರೆ ಗಂಟು. ಚೂರು ಮೈಲುತುತ್ತ ಬೇಕು,
ಇಲ್ಲದಿದ್ದರೆ ರಾತ್ರಿ ಜಿರಲೆ ಬಂದು
ಮೊದಲ ಪಟ್ಟಿಯ ಮೊದಲ ಹೆಸರನ್ನೇ ತಿಂದು ಹೋಗುತ್ತದೆ.
ಚಿತ್ರದುರ್ಗದ ಗಾಳಿ ಬೇರೆ,
ಗುಡ್ಡದ ಮೇಲಿನ ಫ್ಯಾನು ತಿರುಗಿಸಿದ್ದು ಸಾಲದೆ
ನಮ್ಮ ಕಾನೂನು ಕಾಲೇಜಿನ ನೋಟೀಸು ಬೋರ್ಡಿಗೂ ಕೈ ಹಾಕುತ್ತದೆ.

ಇಪ್ಪತ್ತಾರು ವರ್ಷ ಅಂಟಿಸಿದ್ದೇನೆ.
ಸಾಮಾನ್ಯ ಅರ್ಹತೆ, ಪ್ರವರ್ಗ ಒಂದು, ಎರಡು ಎ, ಎರಡು ಬಿ,
ಮೂರು ಎ, ಮೂರು ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ,
ಮಗ್ಗಿಯಂತೆ ಬಾಯಿಗೆ ಬರುತ್ತದೆ.
ಶುಲ್ಕದ ಪಟ್ಟಿಯೂ ಅಷ್ಟೆ:
ಗ್ರಂಥಾಲಯಕ್ಕೆ ಮುನ್ನೂರು, ಗುರುತಿನ ಚೀಟಿಗೆ ಅರವತ್ತು,
ಅಣಕು ನ್ಯಾಯಾಲಯಕ್ಕೆ ನಾನೂರೈವತ್ತು.
(ಅಸಲಿ ನ್ಯಾಯಾಲಯಕ್ಕೆ ಎಷ್ಟೆಂದು ನನ್ನ ತಮ್ಮನನ್ನು ಕೇಳಿ,
ಹನ್ನೊಂದು ವರ್ಷದಿಂದ ಕಟ್ಟುತ್ತಿದ್ದಾನೆ.)

ಈ ವರ್ಷ ನಾನೂ ಅರ್ಜಿ ಹಾಕಿದೆ.
ಮುಕ್ತ ವಿಶ್ವವಿದ್ಯಾಲಯದ ಬಿ.ಎ., ನಲವತ್ತೇಳು ಪಾಯಿಂಟ್ ಎರಡು.
ಕೌಂಟರಿನ ಆಚೆ ರುದ್ರೇಶಪ್ಪ. ಅವರ ಚಹಾಕ್ಕೆ ಎಷ್ಟು ಸಕ್ಕರೆ ಎಂದು
ಅವರ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು.
ಕನ್ನಡಕ ಏರಿಸಿ "ಹೆಸರು?" ಅಂದರು.
ಯಾರನ್ನು ಕೇಳಿದರೋ ಎಂದು ಹಿಂದೆ ತಿರುಗಿ ನೋಡಿದೆ.
"ಮೂಲ ದಾಖಲೆ?"

ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮಾರಕ್ಕ.
ಜಾತಿ ಪತ್ರದಲ್ಲಿ ಮಾರಮ್ಮ.
ಇಪ್ಪತ್ತು ರೂಪಾಯಿ ಛಾಪಾ ಕಾಗದದ ಮೇಲೆ
ಪ್ರಮಾಣ ಮಾಡಿ ಹೇಳಿದ್ದೇನೆ:
ಈ ಇಬ್ಬರೂ ಒಬ್ಬಳೇ.
ನೋಟರಿ ಮುದ್ರೆ ಒತ್ತಿದ ಮೇಲೆ ನನಗೂ ನಂಬಿಕೆ ಬಂತು.

ಪಟ್ಟಿ ಬಂತು. ನಾನೇ ಅಂಟಿಸಿದೆ.
ಪರಿಶಿಷ್ಟ ಜಾತಿ, ಕೊನೆಯ ಸೀಟು, ಮಾರಕ್ಕ ಟಿ.
ಅದರ ಕೆಳಗೆ ಇನ್ನೊಂದು ಹಾಳೆ: ಕಾಯುವವರು.
ಮೊದಲನೆಯವನು ಓಬಳೇಶ, ನಲವತ್ತಾರು ಪಾಯಿಂಟ್ ಒಂಬತ್ತು.

ಸಂಜೆ ಅವನ ಅಪ್ಪ ಬಂದ.
ಲಾರಿಗೆ ಟಾರ್ಪಾಲು ಹೊಲಿಯುವವನು, ನಮ್ಮವನೇ,
ಸೂಜಿ ಇನ್ನೂ ಅಂಗಿಯ ಕಾಲರಿನಲ್ಲೇ ಇತ್ತು.
"ಅಕ್ಕಾ, ನಿಂಗೆ ಕೆಲ್ಸ ಐತೆ, ನಾಳೆ ಪಿಂಚಣಿ ಬತ್ತದೆ.
ಐವತ್ತೊಂದಕ್ಕೆ ಕರಿಕೋಟು ಹಾಕ್ಕಂಡು ಏನ್ ಮಾಡ್ತೀಯ?
ನಮ್ಮುಡುಗ ಇನ್ನೂ ಇಪ್ಪತ್ತೆರಡು."
ಬೈಯಲಿಲ್ಲ, ಬೇಡಲೂ ಇಲ್ಲ. ಲೆಕ್ಕ ಹೇಳಿದ, ಅಷ್ಟೆ.
ಲೆಕ್ಕ ಸರಿಯಾಗಿಯೇ ಇತ್ತು.

ರಾತ್ರಿ ನಿದ್ದೆ ಇಲ್ಲ.
ಅವ್ವ ತನ್ನ ಪಾಲಿನ ಮುದ್ದೆ ಬಿಟ್ಟುಕೊಟ್ಟಳು,
ಅಕ್ಕ ಶಾಲೆ ಬಿಟ್ಟುಕೊಟ್ಟಳು, ನಾನು
ಟೈಪಿಸ್ಟ್ ಹುದ್ದೆಯನ್ನು, ಯಾರದೋ ಭಾಮೈದನಿಗೆ.
ಬಿಟ್ಟುಕೊಟ್ಟಿದ್ದಕ್ಕೆಲ್ಲ ಪ್ರಮಾಣಪತ್ರ ಕೊಡುತ್ತಿದ್ದರೆ
ನಮ್ಮ ಮನೆಯಲ್ಲಿ ಟ್ರಂಕು ತುಂಬಿರುತ್ತಿತ್ತು.
ಆದರೂ ಆ ಹುಡುಗ.
ಅಷ್ಟುದ್ದ ಕೋಣೆ, ಅಷ್ಟೊಂದು ಬೆಂಚು,
ಒಂದೇ ಬೆಂಚಿನ ತುದಿಯಲ್ಲಿ ನಾನೂ ಅವನೂ ಯಾಕೆ
ಒಬ್ಬರನ್ನೊಬ್ಬರು ತಳ್ಳಬೇಕು?
ಮೂರು ವರ್ಷದ ಪಠ್ಯದಲ್ಲಿ ಎಲ್ಲಾದರೂ
ಇದಕ್ಕೆ ಉತ್ತರ ಬರೆದಿದ್ದರೆ
ಓದಿಯೇ ನೋಡಬೇಕು.

ಶುಲ್ಕ ವಿನಾಯಿತಿ ನನಗಿಲ್ಲ. ಸಂಬಳ ಮಿತಿ ದಾಟಿದೆ,
ವರ್ಷಕ್ಕೆ ಒಂಬೈನೂರು ರೂಪಾಯಿಯಷ್ಟು.
ಚೀಟಿ ಎತ್ತಿದ ದುಡ್ಡು, ಬ್ಯಾಂಕಿನ ಕಿಟಕಿ ಮುಚ್ಚಲು ಹತ್ತು ನಿಮಿಷ,
ಉಗುಳು ಮುಟ್ಟಿಸಿ ಎಣಿಸಿದೆ.
ಕ್ರೀಡಾ ಶುಲ್ಕ ನೂರಾ ಹತ್ತು.
ಕಟ್ಟಿದ್ದೇನೆ, ಆಡಿಸಲಿ ನೋಡೋಣ.

ಬೆಳಿಗ್ಗೆ ಹೋದಾಗ ಎರಡನೆಯ ಹಾಳೆಯ ಮೂಲೆ
ಗಾಳಿಗೆ ಎದ್ದು ಪಟಪಟ ಅನ್ನುತ್ತಿತ್ತು.
ಸೀಟು ತುಂಬಿದ ಮೇಲೆ
ಕಾಯುವವರ ಪಟ್ಟಿ ಕಿತ್ತು ಹಾಕುವುದು ರೂಢಿ.
ಕಿತ್ತು ಹಾಕುವವಳೂ ನಾನೇ.
ಡಬ್ಬಿಯ ತಳದಲ್ಲಿ ಉಳಿದ ಅಂಟನ್ನು ಬೆರಳಿಗೆ ಬಳಿದುಕೊಂಡು
ಓಬಳೇಶನ ಹೆಸರಿನ ಹಿಂದೆ ಹಚ್ಚಿ
ಹೆಬ್ಬೆರಳಿನಿಂದ ಒತ್ತಿ ಹಿಡಿದೆ,
ಒಣಗುವವರೆಗೆ.
ಗಂಟೆ ಹೊಡೆಯುವುದು ಎರಡು ನಿಮಿಷ ತಡವಾಯಿತು.