ಮಂಕರಿ ಕೂಡು ಗಿಳಿ ಇಂಟು ಮಾವು

ಮಂಡಿ ಬೋರ್ಡು ಬರೆಯುವ ಅಂಜಪ್ಪ ನಾನು.
ಶ್ರೀನಿವಾಸಪುರದಲ್ಲಿ ಈ ಕೈಯ ಬಾದಾಮಿ, ಮಲ್ಲಿಕಾ, ತೋತಾಪುರಿ
ಎಷ್ಟೋ ಅಂಗಡಿಗಳ ನೆತ್ತಿಯ ಮೇಲೆ
ಕಾಲವಲ್ಲದ ಕಾಲದಲ್ಲೂ ಹಣ್ಣಾಗಿದ್ದವು,
ಫ್ಲೆಕ್ಸು ಬರುವ ತನಕ.

ಈಗ ಶಾಲೆಯ ಗೋಡೆ.
ಪರ್ವೀನ್ ಮೇಡಂ ಒಂದು ಹಾಳೆ ಕೊಟ್ಟರು,
"ಇದ್ದ ಹಾಗೇ ಬರೀರಿ" ಅಂದರು:

ಮಾವು, ಕೂಡು ಮಾವು, ಕೂಡು ಮಾವು: ಮೂವತ್ತು.
ಮಾವು, ಕೂಡು ಗಿಳಿ, ಕೂಡು ಗಿಳಿ: ಹದಿನೆಂಟು.
ಗಿಳಿ, ಕೂಡು ಮಂಕರಿ, ಕೂಡು ಮಂಕರಿ: ಹತ್ತು.
ಕೊನೆಗೆ
ಮಂಕರಿ, ಕೂಡು ಗಿಳಿ, ಇಂಟು ಮಾವು:
ಮುಂದೆ ಕೊಕ್ಕೆಯಂಥ ಒಂದು ಪ್ರಶ್ನೆ.

ನಾಲ್ಕು ಗಿಳಿಗೂ ಹಸಿರು ಸಾಕಾಯಿತು.
ಐದನೇ ಮಾವಿಗೆ ಬರುವಾಗ
ಹಳದಿ ಡಬ್ಬಿಯ ತಳ ಕೆರೆಯುತ್ತಿತ್ತು ಬ್ರಷ್ಷು.
ಅರ್ಧ ಹಣ್ಣು ಬರೆದೆ. ಬಣ್ಣ ನಿಂತಲ್ಲಿ
ಕೊಕ್ಕಿನ ಗುರುತು ಎರಡು ಎಳೆದು
ಗಿಳಿ ಕಚ್ಚಿತು ಅಂತ ಕೆಳಗಿಳಿದೆ.
ತಪ್ಪಿಗೆ ಇನ್ನೊಂದು ಗೆರೆ ಸೇರಿಸಿದರೆ ಚಿತ್ರ,
ಇಷ್ಟೇ ನಾನು ಕಲಿತ ವಿದ್ಯೆ.

ನನ್ನ ಲೆಕ್ಕ ಬ್ರಷ್ಷಿನ ಲೆಕ್ಕ, ಎಡದಿಂದ ಬಲಕ್ಕೆ.
ಮಾವು ಹತ್ತು, ಗಿಳಿ ನಾಲ್ಕು, ಮಂಕರಿ ಮೂರು.
ಮೂರೂ ನಾಲ್ಕೂ ಏಳು, ಏಳು ಹತ್ತಲಿ ಎಪ್ಪತ್ತು.
ಬೀಡಿ ಹಚ್ಚಬೇಕು ಅಂದುಕೊಂಡೆ, ಶಾಲೆ ಅಂತ ಬಿಟ್ಟೆ.

"ಎಪ್ಪತ್ತಲ್ಲ ತಾತಾ,
ಇಂಟು ಮೊದಲು, ಕೂಡೋದು ಆಮೇಲೆ.
ಗಿಳೀನೂ ಮಾವೂ ಒಳಗೆ ಕೂತು ಮಾತು ಮುಗಿಸಲಿ,
ಮಂಕರಿ ಹೊಸ್ತಿಲಾಚೆ ಕಾಯಲಿ."
ಏಳನೇ ಕ್ಲಾಸಿನ ಮುನಿಶಾಮಿ. ನಲವತ್ತಮೂರು.

ಸುಗುಣಿ ಗೋಡೆಗೆ ಮೂಗು ತಾಗಿಸಿ ನಿಂತಿದ್ದಳು,
ಹಸಿ ಬಣ್ಣ ಮೂಗಿಗೆ ಹತ್ತಿತ್ತು.
"ಕಣ್ಣು ಬಿಟ್ಟು ನೋಡ್ರೋ, ಅರ್ಧ ಹಣ್ಣು.
ಅರ್ಧಕ್ಕೆ ಐದು. ನಾಕೈದ್ಲಿ ಇಪ್ಪತ್ತು. ಇಪ್ಪತ್ತಮೂರು!"

ಹಮಾಲಿ ಚೌಡಪ್ಪನ ಮಗ, ಇನ್ನೂ ಮೂರನೇ ಕ್ಲಾಸು,
ಚಡ್ಡಿ ಏರಿಸಿಕೊಂಡು ಅಂದ:
"ಕಚ್ಚಿದ ಹಣ್ಣಿಗೆ ಮಂಡೀಲಿ ಯಾರೂ ಕೂಗಲ್ಲ.
ಸೊನ್ನೆ."

ಯಾರೂ ನಗಲಿಲ್ಲ. ಅವನು ಹರಾಜು ಕಂಡವನು.
ಮೇಡಂ ಸೀಮೆಸುಣ್ಣ ಹಿಡಿದು ನಿಧಾನವಾಗಿ ಬರೆದರು:
ಗಿಳಿ ಇಂಟು ಸೊನ್ನೆ, ಸೊನ್ನೆ.
ಉಳಿದದ್ದು ಮಂಕರಿ. ಮೂರು.

ಏಣಿ ಮಡಚುತ್ತಿದ್ದ ಕೈ ನಿಂತಿತು.
ನನ್ನ ದಾರಿಯಲ್ಲಿ ಹೋಗಿದ್ದರೆ
ಏಳೂ ಹೋಗುತ್ತಿತ್ತು, ಮಂಕರಿಯೂ ಹೋಗುತ್ತಿತ್ತು.
ಫ್ಲೆಕ್ಸು ಬಂದ ವರ್ಷ ನಾನು ಹಾಗೇ ಎಣಿಸಿದ್ದೆ:
ಗುರುವಿನ ಏಟು, ಒತ್ತಕ್ಷರದ ಬಳುಕು,
ಗೋಡೆ ನೋಡಿದರೆ ತುರಿಸುವ ಬೆರಳು,
ಎಲ್ಲ ಕೂಡಿ, ಕೊನೆಗೆ ಇಂಟು ಸೊನ್ನೆ
ಅಂತ ಬ್ರಷ್ಷು ತೊಳೆದು ಅಟ್ಟಕ್ಕೆ ಹಾಕಿದ್ದೆ.
ಸೊನ್ನೆಯ ಕೈ ಎಟುಕುವುದು ಪಕ್ಕದವನಿಗಷ್ಟೇ,
ಈಚೆ ಕೂಡು ಅಂತ ಒಂದು ಗುರುತು ಅಡ್ಡ ನಿಂತಿರುತ್ತೆ
ಅಂತ ಯಾರು ಹೇಳಿದ್ದರು ನನಗೆ?

ಮಾರನೆಯ ದಿನ ಹಳದಿ ಡಬ್ಬಿ ತಂದೆ.
ಸುಗುಣಿ ಏಣಿ ಹಿಡಿದುಕೊಂಡು ಬಿಡಲಿಲ್ಲ.
"ತುಂಬಿಸಿದರೆ ಒಂದೇ ಉತ್ತರ ಬರುತ್ತೆ, ಬೇಡ."

ಹಣ್ಣು ಅರ್ಧವೇ ಇದೆ.
ಹೆಡ್‌ಮಾಸ್ಟರಿಗೆ ಬಿಲ್ಲು ಬರೆದುಕೊಟ್ಟೆ:
ಬಣ್ಣ ಆರುನೂರು,
ಕೂಡು ಮೂವತ್ತೆರಡು ಅಡಿ ಇಂಟು ಹದಿನೆಂಟು.
ಸಾವಿರದ ನೂರ ಎಪ್ಪತ್ತಾರು.
ಹಳೇ ದಾರಿ ಹಿಡಿದಿದ್ದರೆ
ಹನ್ನೊಂದು ಸಾವಿರದ ಮುನ್ನೂರ ಎಪ್ಪತ್ತಾರು ಸಾರ್, ಅಂದೆ.
ಅವರು ಕನ್ನಡಕ ತೆಗೆದು ಎರಡನ್ನೂ ಬರೆದು ನೋಡಿದರು.
ಅವೇ ಅಂಕಿಗಳು,
ನಡುವೆ ಒಂದು ಮೂರು ಮಾತ್ರ ಹೆಚ್ಚು.

ಆ ಮೂರು ನನ್ನ ಮಂಕರೀದು ಸಾರ್,
ಬಿಟ್ಟಿರಲಿ.